ರಾಗಿ ಹಗೇವಿನಲ್ಲಿ ಪೆಟ್ರೋಲು

ಮೊನ್ನೆ ಹುಲ್ಲು ಕತ್ತರಿಸುವ ಮಿಷನ್ನಿನವನು ನಮ್ಮ ಮೆಟ್ಟಿಲ ಕೆಳಗೆ ಒಂದು ಬಾಟಲಿ ಇಟ್ಟು ಟೀ ಕುಡಿಯಲು ಹೋದ. ತಂಪು ಪಾನೀಯದ ದೊಡ್ಡ ಬಾಟಲಿ, ಮುಚ್ಚಳ ಅರ್ಧ ತಿರುಗಿಸಿದ್ದು. ಒಳಗಿರುವುದು ಪಾನೀಯವಲ್ಲ ಅಂತ ಕಣ್ಣಿಟ್ಟು ನೋಡಬೇಕಾಗಿರಲಿಲ್ಲ, ಮೂಗೇ ಹೇಳಿತು. ನಾನು ಒಂದು ಕುರ್ಚಿ ಎಳೆದುಕೊಂಡು ಅದರ ಎದುರು ಕೂತೆ. ಯಾರಾದರೂ ಸಿಗರೇಟು ಹಚ್ಚಿಕೊಂಡು ಆ ಕಡೆ ಬಂದರೆ ಬೈದು ಕಳಿಸಬೇಕು ಅಂತ ಕೋಲನ್ನೂ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಟೀ ಕುಡಿದು, ಯಾರ ಜೊತೆಗೋ ಹರಟೆ ಹೊಡೆದು, ನಿಧಾನವಾಗಿ ಬಂದ.

"ಅಜ್ಜಿ, ಅದನ್ನ ಯಾರೂ ಕದಿಯಲ್ಲ ಬಿಡಿ" ಅಂದ.

"ಯಾರಾದ್ರೂ ಕದೀಲಿ ಅಂತಾನೇ ಕೂತಿದ್ದೀನಿ" ಅಂದೆ.

"ಏನೂ ಆಗಲ್ಲ ಅಜ್ಜಿ."

ಏನೂ ಆಗಲ್ಲ ಅನ್ನುವವರನ್ನು ನಾನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಮೊದಲನೆಯವರನ್ನು ಮದುವೆಯೇ ಆಗಿದ್ದೆ.

ಪೆಟ್ರೋಲಿನ ವಾಸನೆ ಕೆಲವರಿಗೆ ಇಷ್ಟವಂತೆ. ನನ್ನ ಮೊಮ್ಮಗಳು ಬಂಕಿನ ಹತ್ತಿರ ಗಾಡಿ ನಿಂತರೆ ಕಿಟಕಿಯ ಗಾಜು ಇಳಿಸಿ ಮೂಸುತ್ತಾಳೆ. ನನಗೆ ಆ ವಾಸನೆ ಬಂದ ಕೂಡಲೇ ಕಣ್ಣು ದೀಪ ಹುಡುಕುತ್ತದೆ, ಆಮೇಲೆ ಒಲೆ, ಆಮೇಲೆ ಗಂಡಸರ ಬೆರಳು. ಈ ಅಭ್ಯಾಸ ಹತ್ತಿದ್ದು ಅಬ್ಬಿಗೆರೆಯಲ್ಲಿ, ನಾನು ಸೊಸೆಯಾಗಿ ಹೋದ ಮನೆಯಲ್ಲಿ. ಆಗ ಅಬ್ಬಿಗೆರೆ ಅಂದರೆ ಹಳ್ಳಿ, ಬಡಾವಣೆಯಲ್ಲ. ಅರವತ್ತರ ಆಚೀಚೆ ಇರಬೇಕು. ಇಸವಿ ಸರಿಯಾಗಿ ಕೇಳಬೇಡಿ. ನನಗೆ ಯಾವುದು ಯಾವ ಹಬ್ಬದ ಹಿಂದೆ ಆಯಿತು, ಯಾವ ಹಬ್ಬದ ಮುಂದೆ ಆಯಿತು ಅನ್ನುವುದಷ್ಟೇ ಗೊತ್ತು.

ನನ್ನ ತವರು ಚಿಕ್ಕಜಾಲ. ನಮ್ಮಪ್ಪನ ಬಾವಿಗೆ ಕಪಿಲೆ ಇತ್ತು. ಎರಡು ಎತ್ತು, ಒಂದು ಚರ್ಮದ ಚೀಲ, ಒಂದು ಮಿಣಿ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ನೀರು ತುಂಬಿದ ಚೀಲ ಮೇಲೆ ಬರುತ್ತಿತ್ತು, ಹಿಂದೆ ಹಿಂದೆ ಬಂದರೆ ಚೀಲ ಬಾವಿಗೆ ಇಳಿಯುತ್ತಿತ್ತು. ಅಪ್ಪ ಹಗ್ಗದ ಮೇಲೆ ಕೂತು ಇಳಿಜಾರು ಇಳಿಯುತ್ತಿದ್ದ. ಅವನ ಬೆನ್ನು ಹಿಡಿದುಕೊಂಡು ನಾನೂ ಕೂರುತ್ತಿದ್ದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ ಹತ್ತು ಮಾರು ಜಾಗದಲ್ಲಿ ಹೋಗಿ ಬಂದು ಹೋಗಿ ಬಂದು, ಕುಂಡಿ ಸವೆಯಿತೇ ಹೊರತು ಭಯ ಅಂತ ಒಂದು ದಿನವೂ ಆಗಲಿಲ್ಲ. ಆ ಎತ್ತುಗಳಿಗೆ ಕುಡಿಯಲು ಕಲಗಚ್ಚು. ಕಲಗಚ್ಚಿನ ಬಾನಿಯನ್ನು ಎಲ್ಲಿಡಬೇಕು ಅಂತ ನಮ್ಮಮ್ಮ ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ.

ಅಬ್ಬಿಗೆರೆಯಲ್ಲಿ ನಮ್ಮ ಯಜಮಾನರು ಕಪಿಲೆ ಬಿಚ್ಚಿ ಹಾಕಿ ಎಣ್ಣೆ ಇಂಜಿನ್ನು ತಂದರು. ಯಶವಂತಪುರದಲ್ಲಿ ಇಂಜಿನ್ನು ರಿಪೇರಿ ಮಾಡುವ ಬಾಷಾ ಸಾಬರ ಹತ್ತಿರ ಯಾರೋ ಬಿಟ್ಟು ಹೋದ ಹಳೆಯದು. ಒಂದು ಆಡಿನಷ್ಟು ಎತ್ತರ. ಇಬ್ಬರು ಗಂಡಸರು ಬೊಂಬು ಕೊಟ್ಟು ಹೊತ್ತುಕೊಂಡು ಬಾವಿಯ ಹತ್ತಿರ ಇಟ್ಟರು. ಅದಕ್ಕೆ ಎರಡು ಥರದ ಎಣ್ಣೆ ಬೇಕು. ಏಳಲು ಪೆಟ್ರೋಲು, ಎದ್ದ ಮೇಲೆ ಸೀಮೆಎಣ್ಣೆ. ಮೊದಲು ಒಂದು ಗುಟುಕು ಪೆಟ್ರೋಲು ಹುಯ್ದು, ಚಕ್ರಕ್ಕೆ ಹಗ್ಗ ಸುತ್ತಿ ಜೋರಾಗಿ ಎಳೆಯಬೇಕು. ಹತ್ತು ಸಲ ಎಳೆದರೆ ಒಂದು ಸಲ ಕೆಮ್ಮುತ್ತಿತ್ತು. ಕೆಮ್ಮಿ ಕೆಮ್ಮಿ ಬಿಸಿಯಾದ ಮೇಲೆ ತಿರುಪು ತಿರುಗಿಸಿದರೆ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ನಮ್ಮ ಹುರುಳಿಕಾಯಿ, ನವಿಲುಕೋಸಿನ ಮಡಿಗಳಿಗೆ ಎತ್ತುಗಳು ಒಂದು ದಿನ ಹಾಯಿಸುತ್ತಿದ್ದ ನೀರನ್ನು ಅದು ಊಟದ ಹೊತ್ತಿಗೆ ಹಾಯಿಸಿ ಮುಗಿಸಿತು. ಅದರ ಉಪಕಾರವನ್ನು ನಾನು ಇಲ್ಲ ಅನ್ನುವುದಿಲ್ಲ.

ಸೀಮೆಎಣ್ಣೆ ನಮಗೆ ಹೊಸದಲ್ಲ. ಬುಡ್ಡಿ ದೀಪಕ್ಕೆ ದಿನಾ ಹುಯ್ಯುತ್ತಿದ್ದೆವು. ಪೆಟ್ರೋಲು ಹೊಸದು. ಇಂಜಿನ್ನು ಕೂರಿಸಲು ಬಂದ ದಿನ ಸಾಬರು ನನ್ನನ್ನೂ ಕರೆದು ನಿಲ್ಲಿಸಿಕೊಂಡರು. ಮನೆಯಲ್ಲಿ ಸಾಮಾನು ಎತ್ತಿಡುವವರು ಹೆಂಗಸರು ಅನ್ನುವುದು ಅವರಿಗೆ ಗೊತ್ತಿತ್ತು.

"ನೋಡಮ್ಮ, ಸೀಮೆಎಣ್ಣೆ ಐತಲ್ಲ, ಅದುಕ್ಕೆ ನಾವು ಬೆಂಕಿ ತಂದು ಕೊಟ್ರೆ ಉರೀತದೆ. ಪೆಟ್ರೋಲು ಅಂಗಲ್ಲ. ಬೆಂಕಿ ಎಲ್ಲೈತೆ ಅಂತ ತಾನೇ ಉಡುಕ್ಕೊಂಡು ಓಗ್ತದೆ. ನೆರಳಿರಬೇಕು, ತಂಪಿರಬೇಕು, ಒಲೆ ದೀಪ ಹತ್ರ ಇರಬಾರ್ದು. ತಿಳೀತಾ?"

"ಏನೂ ಆಗಲ್ಲ ಬಿಡಿ ಸಾಬ್ರೇ" ಅಂದರು ನಮ್ಮ ಯಜಮಾನರು.

"ಆಗೋ ತನಕ ಏನೂ ಆಗಲ್ಲ ಗೌಡ್ರೇ" ಅಂದರು ಸಾಬರು.

ಬಂಕು ಇದ್ದದ್ದು ಯಲಹಂಕದ ಕಡೆ. ಅಷ್ಟು ದೂರ ಸೈಕಲ್ಲು ತುಳಿದು ಹೋಗಿ ಒಂದು ಗುಟುಕು ತರಲು ಆಗುತ್ತದೆಯೇ. ಯಜಮಾನರು ಗುಜರಿಯಿಂದ ಒಂದು ಚೌಕದ ತಗಡಿನ ಡಬ್ಬ ತಂದು ತುಂಬಿಸಿಕೊಂಡು ಬಂದರು. ಡಬ್ಬದ ಮೇಲೆ ಕೆಂಪು ಬಣ್ಣದಲ್ಲಿ ಏನೋ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಮನೆಯಲ್ಲಿ ಮೂರು ಜನ. ಯಜಮಾನರಿಗೆ ಕನ್ನಡ ಕೂಡಿಸಿ ಓದಲು ಬರುತ್ತಿತ್ತು, ಅತ್ತೆಗೆ ಯಾವುದೂ ಬರುತ್ತಿರಲಿಲ್ಲ, ನಾನು ಅಕ್ಷರ ಕಲಿತದ್ದೇ ಮಕ್ಕಳಾದ ಮೇಲೆ. ಹಾಗಾಗಿ ಆ ಕೆಂಪು ಅಕ್ಷರ ಏನು ಹೇಳುತ್ತಿತ್ತೋ ಅದು ಡಬ್ಬಕ್ಕೇ ಗೊತ್ತು.

ನೆರಳು, ತಂಪು, ಬೆಂಕಿಯಿಂದ ದೂರ. ಇಂಥ ಜಾಗ ನಮ್ಮ ಮನೆಯಲ್ಲಿ ಎಲ್ಲಿದೆ ಅಂತ ಆ ದಿನ ಮೊದಲನೇ ಸಲ ಹುಡುಕಿದೆ. ಅಡಿಗೆಮನೆಯಲ್ಲಿ ಒಲೆ, ಬಚ್ಚಲಲ್ಲಿ ಹಂಡೆಯ ಒಲೆ. ಅಟ್ಟದ ಮೇಲೆ ಎರಡು ಒಲೆಯ ಹೊಗೆಯೂ ಹೋಗುತ್ತಿತ್ತು. ನಡುಮನೆಯಲ್ಲಿ ದೇವರ ದೀಪ. ಕೊಟ್ಟಿಗೆಯಲ್ಲಿ ಸೊಳ್ಳೆಗೆ ಅಂತ ಬೆರಣಿ ಹೊಗೆ. ಜಗುಲಿಯಲ್ಲಿ ಗಂಡಸರ ಬೀಡಿ. ಇಷ್ಟರ ಮೇಲೆ ನಮ್ಮ ಅತ್ತೆ. ಕಡ್ಡಿ ದಂಡವಾಗಬಾರದು ಅಂತ ಬೆಂಕಿಪೊಟ್ಟಣ ಯಾವಾಗಲೂ ಅವರ ಸೊಂಟದಲ್ಲೇ. ಬೇರೆಯವರ ಮನೆಯಲ್ಲಿ ಬೆಂಕಿ ಒಂದು ಕಡೆ ಕೂತಿರುತ್ತದೆ, ನಮ್ಮ ಮನೆಯಲ್ಲಿ ಅದು ನಡೆದಾಡುತ್ತಿತ್ತು.

ಯಜಮಾನರು ಡಬ್ಬವನ್ನು ಹುಲ್ಲಿನ ಬಣವೆಯೊಳಗೆ ತೂರಿಸಿದರು. ನೆರಳಿದೆ, ತಂಪಿದೆ, ಸಾಬರು ಹೇಳಿದ ಹಾಗೇ ಇದೆ ಅಂದರು. ನಾನು ಹಿಟ್ಟು ತೊಳಸುತ್ತ ಬಣವೆ ನೋಡುತ್ತಿದ್ದೆ, ಸಗಣಿ ಬಾಚುತ್ತ ಬಣವೆ ನೋಡುತ್ತಿದ್ದೆ. ಅವರು ಬೀಡಿ ಹಚ್ಚುವ ಮುಂಚೆ ಕೈ ಹಿಡಿದು ಮೂಸಿ, ಸೀಗೆಪುಡಿ ಕೊಟ್ಟು ತೊಳೆಸುತ್ತಿದ್ದೆ. ಗಂಡನ ಕೈ ಅಷ್ಟು ಸಲ ಹಿಡಿದದ್ದು ಅದೊಂದೇ ವರ್ಷ. ಆ ಮನೆಯಲ್ಲಿ ನನ್ನ ಜೊತೆ ಬುದ್ಧಿ ಇದ್ದದ್ದು ಎಮ್ಮೆಗೆ ಮಾತ್ರ. ಅದು ಬಣವೆಯ ಹುಲ್ಲು ಮೂಸಿ ಮುಖ ತಿರುಗಿಸಿತು.

ಎಮ್ಮೆ ಹುಲ್ಲು ಮುಟ್ಟದಿದ್ದದ್ದನ್ನು ಅತ್ತೆ ನೋಡಿದರು. ಹುಲ್ಲಿಗೆ ಯಾರದೋ ಕಣ್ಣು ತಗುಲಿದೆ ಅಂದರು. ನಾನು ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ, ಬೋಗುಣಿಯಲ್ಲಿ ಕೆಂಡ ತುಂಬಿಕೊಂಡು, ಅದರ ಮೇಲೆ ಉಪ್ಪು ಮೆಣಸಿನಕಾಯಿ ಹಾಕಿ, ಬಣವೆಗೆ ದೃಷ್ಟಿ ತೆಗೆಯಲು ಹೊರಟಿದ್ದರು. ನಾನು ಓಡಿ ಹೋಗಿ ಬೋಗುಣಿ ಕಿತ್ತುಕೊಂಡೆ.

"ನಾನು ತೆಗೀತೀನಿ ಅತ್ತೆ, ನಿಮಗೆ ಕೈ ಸುಟ್ಟೀತು."

"ನನ್ನ ಕೈಗೆ ಬೆಂಕಿ ಒಸದೇನೇ, ಚಿಕ್ಕಜಾಲದೋಳೇ" ಅಂದರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಊರಿನ ಹೆಸರಿಂದಲೇ ಕರೆಯುತ್ತಿದ್ದರು. ನಾನು ಆ ಕೆಂಡವನ್ನು ಬೀದಿಯ ಆ ಕಡೆಗೆ ಒಯ್ದು, ಅಲ್ಲಿಂದಲೇ ಬಣವೆಯ ದಿಕ್ಕಿಗೆ ಮೂರು ಸುತ್ತು ನಿವಾಳಿಸಿದೆ. ಇಷ್ಟು ದೂರದಿಂದ ದೃಷ್ಟಿ ತೆಗೆಯುವವಳನ್ನು ನೋಡಿಯೇ ಇಲ್ಲ ಅಂತ ಅತ್ತೆ ಪಕ್ಕದ ಮನೆಯವರಿಗೆ ಹೇಳಿಕೊಂಡು ನಕ್ಕರು.

ಅವತ್ತು ಹಗೇವು ನೆನಪಾಯಿತು. ನೆನಪಾದದ್ದು ನನಗೇ. ಇದನ್ನು ಬೇರೆಯವರ ತಲೆಗೆ ಕಟ್ಟಲು ಆಗುವುದಿಲ್ಲ.

ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಚಿಕ್ಕದು, ಒಬ್ಬ ಆಳು ಕೈ ಮೇಲೆತ್ತಿ ಇಳಿಯುವಷ್ಟು. ಒಳಗೆ ಗುಡಾಣದ ಹಾಗೆ ಹೊಟ್ಟೆ ಬಿಟ್ಟಿರುತ್ತದೆ, ಒಂದೂವರೆ ಆಳು ಆಳ. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನಮ್ಮದು ಹಿತ್ತಲಲ್ಲಿತ್ತು. ಆ ವರ್ಷ ನಾದಿನಿಯ ಮದುವೆಗೆ ಅಂತ ರಾಗಿ ಎಲ್ಲ ತೆಗೆದು ಖಾಲಿಯಾಗಿತ್ತು. ಹೊಸ ರಾಗಿ ಬರುವುದು ಸುಗ್ಗಿಗೆ. ನೆಲದೊಳಗೆ ಒಲೆಯಿಲ್ಲ, ದೀಪವಿಲ್ಲ, ಬೀಡಿಯಿಲ್ಲ. ಅದಕ್ಕಿಂತ ತಂಪಿನ ಜಾಗ ಅಬ್ಬಿಗೆರೆಯಲ್ಲೇ ಇಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಅತ್ತೆಗೆ ಹೇಳಲಿಲ್ಲ. ಖಾಲಿ ಹಗೇವಾದರೂ ಅವರ ಪಾಲಿಗೆ ಅದು ಲಕ್ಷ್ಮಿ ಕೂರುವ ಜಾಗ. ಅದನ್ನು ದಾಟಬಾರದು, ಎಂಜಲು ಕೈಯಲ್ಲಿ ಚಪ್ಪಡಿ ಮುಟ್ಟಬಾರದು. ಅಂಥದ್ದರೊಳಗೆ ಗಬ್ಬು ವಾಸನೆಯ ಡಬ್ಬ ಇಳಿಸುತ್ತೇವೆ ಅಂದರೆ ನನ್ನನ್ನು ಚಿಕ್ಕಜಾಲಕ್ಕೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗೌರಿ ಹಬ್ಬ ಆದ ಮೇಲೆ, ಅವರು ಯಲಹಂಕದ ಸಂತೆಗೆ ಹೋದ ದಿನ, ನಾವಿಬ್ಬರೂ ಚಪ್ಪಡಿ ಸರಿಸಿ, ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಹಗ್ಗ ಕಟ್ಟಿ ಡಬ್ಬ ಇಳಿಸಿದೆವು. ಆಮೇಲೆ ಪ್ರತಿ ಸಂತೆಯ ದಿನವೂ ಅದೇ ಕೆಲಸ. ಅತ್ತೆ ಆ ಕಡೆ ಹೋದರೆ ಡಬ್ಬ ಮೇಲೆ ಬರುತ್ತಿತ್ತು, ವಾರಕ್ಕಾಗುವಷ್ಟು ಪೆಟ್ರೋಲು ಔಷಧಿ ಬಾಟಲಿಗೆ ಹುಯ್ದುಕೊಳ್ಳುತ್ತಿದ್ದೆವು, ಅತ್ತೆ ಬರುವುದರೊಳಗೆ ಡಬ್ಬ ಕೆಳಗೆ. ಚಪ್ಪಡಿಯ ಮೇಲೆ ರಂಗೋಲಿ ಇಡುತ್ತಿದ್ದವಳು ನಾನೇ, ಹಾಗಾಗಿ ಅಳಿಸಿದ್ದು ಯಾರಿಗೂ ತಿಳಿಯಲಿಲ್ಲ.

ಒಂದಷ್ಟು ದಿನ ಊಟ ಸೇರಿತು.

ಕಾರ್ತಿಕದಲ್ಲಿ ಎದುರು ಮನೆಯವರ ಹಗೇವು ತೆಗೆದರು. ಹಗೇವಿಗೆ ಇಳಿಯುವವನು ಪಿಳ್ಳಪ್ಪ. ಒಣಗಿದ ತೊಗರಿ ಕಡ್ಡಿಯಂಥ ಆಸಾಮಿ, ಸುತ್ತಲಿನ ನಾಲ್ಕು ಹಳ್ಳಿಗೂ ಅವನೊಬ್ಬನೇ. ಮೂಗಿಗೆ ನಶ್ಯ ತುಂಬುವುದು, ಗುಂಡಿಗೆ ಇಳಿಯುವುದು, ಎರಡೇ ಅವನಿಗೆ ಗೊತ್ತಿದ್ದದ್ದು. ನಶ್ಯ ಹಾಕಿ ಹಾಕಿ ಮೂಗು ಸತ್ತು ಹೋಗಿತ್ತು. ಹೂವಿಗೂ ಸಗಣಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಎಲ್ಲಾರೂ ಒಂದು ದಿನ ಗುಂಡಿಗೋಗಿ ಅಲ್ಲೇ ಇದ್ದುಬುಡ್ತಾರೆ. ನಾನು ದಿನಾ ಓಗಿ ದಿನಾ ಎದ್ದು ಬರೋನು" ಅಂತ ಹೆಂಗಸರನ್ನು ನಗಿಸುತ್ತ ಚಪ್ಪಡಿ ತೆಗೆದ. ನಾನೂ ನಗುತ್ತ ನಿಂತಿದ್ದೆ. ಅವನು ಒಂದು ಹಣತೆ ಹಚ್ಚಿ, ಅದನ್ನು ಚಿಕ್ಕ ನೆಲುವಿನಲ್ಲಿ ಕೂರಿಸಿ, ಹಗ್ಗ ಬಿಡುತ್ತ ಬಿಡುತ್ತ ಒಳಗೆ ಇಳಿಸಿದ.

"ದೀಪ ಯಾಕೆ ಪಿಳ್ಳಪ್ಪ?" ಅಂದೆ.

"ಮುಚ್ಚಿದ ಅಗೇವಲ್ವಾ ತಾಯಿ, ಒಳಗೆ ಕೆಟ್ಟ ಗಾಳಿ ಇರ್ತದೆ. ದೀಪ ಆರೋದ್ರೆ ಉಸುರು ಕಟ್ತದೆ ಅಂತ ಗುರ್ತು. ಉರೀತಾ ಇದ್ರೆ ನಾನು ಇಳೀತೀನಿ. ದೀಪ ಬಿಡದೇ ಇಳ್ದೋರು ಎದ್ದು ಬಂದಿಲ್ಲ."

ನನ್ನ ಅಪ್ಪನ ಮನೆಯಲ್ಲಿ ರಾಗಿಯನ್ನು ನೆಲದ ಮೇಲಿನ ಮಣ್ಣಿನ ವಾಡೆಯಲ್ಲಿ ಇಡುತ್ತಿದ್ದರು. ಹಗೇವಿನ ಈ ಪದ್ಧತಿ ನಾನು ನೋಡಿರಲಿಲ್ಲ. ಪ್ರಪಂಚದಲ್ಲಿ ಬೆಂಕಿ ಹೋಗದ ಒಂದೇ ಜಾಗ ಅಂತ ನಾನು ಆರಿಸಿಕೊಂಡದ್ದು, ಮೊದಲು ದೀಪ ಬಿಟ್ಟು ಆಮೇಲೆ ಮನುಷ್ಯ ಬಗ್ಗಿ ನೋಡುವ ಜಾಗ.

ಮನೆಗೆ ಓಡಿ ಯಜಮಾನರಿಗೆ ಹೇಳಿದೆ.

"ನಮ್ಮ ಅಗೇವಿಗೆ ಪಿಳ್ಳಪ್ಪ ಬರೋದು ಸುಗ್ಗಿಗೆ ಕಣೇ. ಅಷ್ಟೊತ್ತಿಗೆ ತೆಗೆದ್ರಾಯ್ತು. ಏನೂ ಆಗಲ್ಲ."

"ಇವತ್ತೇ ತೆಗೀರಿ."

"ತೆಗೆದು ಎಲ್ಲಿಡ್ತೀಯ, ನಿನ್ನ ತಲೆ ಮೇಲಾ?"

ಡಬ್ಬ ಅಲ್ಲೇ ಉಳಿಯಿತು. ಹೊಲದಲ್ಲಿ ರಾಗಿ ತೆನೆ ಬಲಿಯುತ್ತಿತ್ತು. ಮಿಕ್ಕವರು ತೆನೆ ನೋಡಿ ಹಿಗ್ಗುತ್ತಿದ್ದರು. ನನಗೆ ಮಾತ್ರ ಅದು ಬಲಿಯದೆ ಇನ್ನೂ ಒಂದಷ್ಟು ದಿನ ಹಸಿರಾಗೇ ಇರಲಿ ಅನಿಸುತ್ತಿತ್ತು. ರೈತರ ಮನೆ ಸೊಸೆ ಹೀಗೆ ಬಯಸಿದಳು ಅಂತ ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಇಂಜಿನ್ನು ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ ಅಂತ ಯಜಮಾನರ ಗೊಣಗಾಟ ಶುರುವಾಯಿತು. ಪ್ರತಿ ಸಂತೆಯ ದಿನ ಡಬ್ಬ ಮೇಲೆಳೆದಾಗ, ಇರಬೇಕಾದ್ದಕ್ಕಿಂತ ಹಗುರವಾಗಿರುತ್ತಿತ್ತು. ತುಂಬಿಸಿ ತಂದು ಇಳಿಸಿದರೆ ಮುಂದಿನ ವಾರ ಮತ್ತೆ ಹಗುರ. ಅತ್ತೆ ಸಂತೆಗೆ ಹೋದ ಒಂದು ದಿನ ಸಾಬರನ್ನು ಕರೆಸಿದೆವು. ಅವರು ಇಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದನ್ನೂ ಇದನ್ನೂ ಬಿಚ್ಚಿ ನೋಡಿ, ಕೈ ಒರೆಸಿಕೊಂಡರು.

"ಇದು ಕುಡ್ದಿಲ್ಲ ಗೌಡ್ರೇ. ಇದುಕ್ಕೆ ಏಳೋಕೆ ಒಂದು ಗುಟುಕು ಸಾಕು. ಡಬ್ಬ ತೋರ್ಸಿ."

ಡಬ್ಬ ತಂದು ತೋರಿಸಿದೆವು. ಅವರು ತಳದ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದರು. ಬೆರಳು ಒದ್ದೆಯಾಯಿತು.

"ಇಷ್ಟು ದಿನ ಎಲ್ಲಿ ಇಟ್ಟಿದ್ರಿ ಇದನ್ನ?"

ಹೇಳಿದೆವು. ಸಾಬರು ಆ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡರು.

"ಅಂಗಾದ್ರೆ ಎಲ್ಲಾ ಅಲ್ಲೇ ಐತೆ. ಮಣ್ಣು ಕುಡ್ಕೊಂಡೈತೆ. ಅದರ ಗಾಳಿ ಮೇಲೆ ಬರಲ್ಲಮ್ಮ, ನೀರಿನಂಗೆ ತಳದಾಗೇ ಕೂತ್ಕೋತದೆ. ಡಬ್ಬ ತೆಗೆದ್ರೂ ಅದು ಓಗಲ್ಲ. ಅಲ್ಲಿಗೆ ಒಂದು ಕಿಡಿ ಬಿದ್ರೆ," ಅಂದು ನಮ್ಮ ಯಜಮಾನರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಅವತ್ತು ಒಂದು ದಿನ ನಮ್ಮ ಯಜಮಾನರು ಏನೂ ಆಗಲ್ಲ ಅನ್ನಲಿಲ್ಲ.

ಹೊಸ ಡಬ್ಬ ತಂದು, ಬಾವಿಯ ಹತ್ತಿರದ ಹೊಂಗೆ ಮರದ ನೆರಳಿನಲ್ಲಿ ಒಂದು ಕಲ್ಲುಗೂಡು ಕಟ್ಟಿ ಅದರೊಳಗೆ ಇಟ್ಟೆವು. ಊರಿಂದ ದೂರ, ಮನೆಯಿಂದ ದೂರ. ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ನನ್ನನ್ನು ಕೇಳಬೇಡಿ. ಬೆಲೆಯಿರುವ ವಸ್ತು ಅಂದರೆ ಮನೆಯೊಳಗೇ ಇರಬೇಕು ಅನ್ನುವುದು ನಮ್ಮ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಡಬ್ಬದ ಚಿಂತೆ ಮುಗಿಯಿತು. ಹಗೇವಿನದ್ದು ಉಳಿಯಿತು. ಪಿಳ್ಳಪ್ಪ ದೀಪ ಇಳಿಸುವ ಮುಂಚೆ ಅತ್ತೆಗೆ ನಿಜ ಹೇಳಬೇಕು. ಇಷ್ಟೇ ಕೆಲಸ. ಒಂದು ಮಾತು.

"ನಿಮ್ಮಮ್ಮ, ನೀವೇ ಹೇಳಿ" ಅಂದೆ.

"ಅಗೇವು ಅಂದೋಳು ನೀನು, ನೀನೇ ಹೇಳು" ಅಂದರು.

ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತ ಮೂರು ಸಂತೆ ಕಳೆದವು. ಅತ್ತೆ ಸಂತೆಗೆ ಹೋದಾಗೆಲ್ಲ ಚಪ್ಪಡಿ ತೆರೆದಿಟ್ಟು, ಮೊರದಲ್ಲಿ ಗಾಳಿ ಬೀಸುತ್ತಿದ್ದೆ. ಒಂದೂವರೆ ಆಳು ಗುಂಡಿಗೆ ಮೊರದಲ್ಲಿ ಗಾಳಿ. ಮಿಕ್ಕ ದಿನ ಆ ಕಡೆ ಈ ಕಡೆ ನೋಡಿ, ಚಪ್ಪಡಿಯ ಸಂದಿಗೆ ಮೂಗಿಟ್ಟು ಮೂಸುತ್ತಿದ್ದೆ. ಒಂದು ದಿನ ವಾಸನೆ ಕಡಿಮೆಯಾಗಿದೆ ಅನಿಸುತ್ತಿತ್ತು, ಮಾರನೇ ದಿನ ಬಿಸಿಲು ಏರಿದರೆ ಮತ್ತೆ ಗಪ್ಪೆಂದು ಬರುತ್ತಿತ್ತು.

ಅತ್ತೆ ಒಂದು ದಿನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ನಾಯಿ ಮೂಸ್ದಂಗೆ ಅಲ್ಲೇನೇ ಮೂಸ್ತಾ ಇದ್ದೀಯ?"

"ಇಲಿ ಸತ್ತ ವಾಸನೆ ಬಂದಂಗಾಯ್ತು ಅತ್ತೆ" ಅಂದೆ. ಬಾಯಿಗೆ ಅದೇ ಬಂತು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹಿತ್ತಲಲ್ಲಿ ನಾವಿಬ್ಬರೇ. ನಾನು ಇಲಿ ಅಂದೆ. ಅತ್ತೆ ಬಗ್ಗಿ ಮೂಸಲಿಲ್ಲ, ಹುಬ್ಬು ಗಂಟು ಹಾಕಿಕೊಂಡು ಒಳಗೆ ಹೋದರು.

ರಾಗಿ ಇಡುವ ಗುಂಡಿಗೆ ಇಲಿ ಬಿದ್ದಿದೆ ಅಂದರೆ ಯಾವ ಹೆಂಗಸು ಸುಗ್ಗಿಯವರೆಗೆ ಕಾಯುತ್ತಾಳೆ. ಎರಡು ದಿನ ಬಿಟ್ಟು, ಯಜಮಾನರು ಹುರುಳಿಕಾಯಿ ಮೂಟೆಗಳನ್ನು ಗಾಡಿಗೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋದ ಮೇಲೆ, ನಾನು ಸೇದುವ ಬಾವಿಯಿಂದ ಕೊಡ ಹೊತ್ತುಕೊಂಡು ಹಿತ್ತಲ ಬಾಗಿಲಿಗೆ ಬಂದೆ. ಬೆಳಗಿನ ಬಿಸಿಲು ಚೆನ್ನಾಗಿ ಏರಿತ್ತು. ಹಗೇವಿನ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಪಿಳ್ಳಪ್ಪ ಬಾಯಿಯ ಹತ್ತಿರ ಮಂಡಿಯೂರಿ ಕೂತು ನೆಲುವಿಗೆ ಹಣತೆ ಕೂರಿಸುತ್ತಿದ್ದ. ಅತ್ತೆ ದೂರದಲ್ಲಿ, ನುಗ್ಗೆ ಮರದ ಬುಡದಲ್ಲಿ ಕೂತು, ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹಣತೆ ಉರಿಯುತ್ತಿತ್ತು.

ಪಿಳ್ಳಪ್ಪನ ಸತ್ತ ಮೂಗಿಗೆ ಏನೂ ತಿಳಿದಿರಲಿಲ್ಲ. ನನಗೆ ಬಾಗಿಲಿಗೇ ವಾಸನೆ ಬಂತು.

"ಇವತ್ತು ಬೇಡ ಅತ್ತೆ, ಮಂಗಳವಾರ" ಅಂದೆ.

"ಇವತ್ತು ಬುಧವಾರ. ನಿನ್ನೆ ತಲೆಗೆ ನೀರಾಕ್ಕೊಂಡಿಲ್ವಾ ನೀನು?"

"ಅವರು ಬರಲಿ. ಅವರು ಬಂದ ಮೇಲೆ ತೆಗ್ಸೋಣ."

"ಅವನು ಬಂದು ಏನು ಮಾಡ್ತಾನೆ, ಅಗೇವಿಗಿಳೀತಾನಾ? ಬಿಡು ಪಿಳ್ಳಪ್ಪ, ಬಿಡು ದೀಪಾನ."

ನಾಲಿಗೆಯ ತುದಿಯಲ್ಲಿ ಪೆಟ್ರೋಲು ಅನ್ನುವ ಮಾತಿತ್ತು. ಅದನ್ನು ಹ್ಯಾಗೆ ಶುರು ಮಾಡಬೇಕು ಅಂತ ನಾನು ಯೋಚಿಸುತ್ತಿದ್ದೆ. ಒಬ್ಬ ಮನುಷ್ಯ ಉರಿಯುವ ದೀಪ ಹಿಡಿದು ಪೆಟ್ರೋಲಿನ ಗುಂಡಿಗೆ ಬಗ್ಗಿದ್ದಾನೆ, ನಾನು ಅತ್ತೆಗೆ ಕೋಪ ಬಾರದ ಹಾಗೆ ಹೇಳುವುದು ಹೇಗೆ ಅಂತ ಹುಡುಕುತ್ತಿದ್ದೇನೆ. ಅದು ಎಷ್ಟು ಹೊತ್ತೋ ಗೊತ್ತಿಲ್ಲ, ಎರಡು ಉಸಿರು ಇರಬಹುದು. ಆ ಎರಡು ಉಸಿರಿಗೆ ನಾನು ಇವತ್ತಿಗೂ ಏನೂ ಸಮಾಧಾನ ಹೇಳಿಕೊಂಡಿಲ್ಲ.

ನೆಲುವು ಪಿಳ್ಳಪ್ಪನ ಕೈಯಿಂದ ಇಳಿಯಲು ಶುರುವಾಯಿತು. ನಾನು ನಾಲ್ಕು ಹೆಜ್ಜೆಗೆ ಅಲ್ಲಿಗೆ ಹೋಗಿ ತುಂಬಿದ ಕೊಡವನ್ನು ಅವನ ತಲೆಯ ಮೇಲೆ ಬೋರಲು ಹಾಕಿದೆ. ನೀರು ಅವನ ತಲೆ, ಕೈ, ಹಣತೆ ಎಲ್ಲದರ ಮೇಲೂ ಬಿತ್ತು. ದೀಪ ಚುಂಯ್ ಅಂದು ಆರಿತು. ನಿಜ ಹೇಳುವುದಕ್ಕಿಂತ ನೀರು ಸುರಿಯುವುದು ಸುಲಭವಾಗಿತ್ತು, ಸುರಿದೆ.

ಅತ್ತೆ ಎದ್ದು ಬಂದರು. "ದೀಪಕ್ಕೆ ನೀರುಯ್ದ್ಯೇನೇ, ಹಾಳಾದೋಳೇ. ಲಕ್ಷ್ಮಿ ಮುಂದೆ ಅಚ್ಚಿದ ದೀಪ" ಅಂತ ನನ್ನ ರಟ್ಟೆ ಹಿಡಿದು ಎಳೆದರು. ಎಳೆದವರು ಹಾಗೇ ನಿಂತರು. ಅವರ ಮೂಗು ಅರಳಿತು. ಈಗ ಅವರೂ ಗುಂಡಿಯ ಬಾಯಿಯ ಹತ್ತಿರ ಇದ್ದರು.

"ಇದೇನಿದು?"

"ಪೆಟ್ರೋಲು. ಡಬ್ಬ ಒಳಗಿಟ್ಟಿದ್ದೆ, ಸೋರಿದೆ. ಇಡಕ್ಕೆ ಹೇಳಿದ್ದೂ ನಾನೇ. ಇಲಿ ಅಂದದ್ದು ಸುಳ್ಳು."

ಪಿಳ್ಳಪ್ಪ ನೀರು ಒರೆಸಿಕೊಳ್ಳುತ್ತಿದ್ದ ಕೈಯನ್ನು ಹಾಗೇ ಬಿಟ್ಟ. ಪೆಟ್ರೋಲು ಅಂದರೆ ಏನು ಅಂತ ಅವನಿಗೆ ಗೊತ್ತಿತ್ತು. ಲಾರಿಯೊಂದು ಹತ್ತಿಕೊಂಡು ಉರಿದದ್ದನ್ನು ಹೆಬ್ಬಾಳದ ರಸ್ತೆಯಲ್ಲಿ ನೋಡಿದ್ದನಂತೆ. ಅವನು ಏಳಲಿಲ್ಲ, ಕೂತ ಹಾಗೇ ಹಿಂದೆ ಹಿಂದೆ ಸರಿದು, ನುಗ್ಗೆ ಮರದವರೆಗೆ ಹೋಗಿ ಅದಕ್ಕೆ ಒರಗಿದ.

"ನಂಗೆ ಮೂರು ಎಣ್ಣು ಮಕ್ಕಳವೆ ತಾಯಿ" ಅಂದ. ಅಷ್ಟೇ.

ಆ ಹಗೇವಿಗೆ ಮತ್ತೆ ರಾಗಿ ತುಂಬಲಿಲ್ಲ. ಎರಡು ಗಾಡಿ ಕೆರೆಮಣ್ಣು ಹೊಡೆಸಿ ಮುಚ್ಚಿಸಿದೆವು. ಅದರ ಮೇಲೆ ಬಹಳ ವರ್ಷ ಹುಲ್ಲು ಕೂಡ ಸರಿಯಾಗಿ ಬೆಳೆಯಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ನಾನು ಬೈಗುಳಕ್ಕೆ, ಹೊಡೆತಕ್ಕೆ, ಚಿಕ್ಕಜಾಲದ ಗಾಡಿಗೆ ತಯಾರಾಗಿ ತಲೆ ಬಗ್ಗಿಸಿ ನಿಂತಿದ್ದೆ. ಅತ್ತೆ ರಟ್ಟೆ ಬಿಡಲಿಲ್ಲ, ಹಿಡಿತ ಮಾತ್ರ ಸಡಿಲವಾಯಿತು.

"ಎಂದಿನಿಂದ?" ಅಂದರು.

"ಗೌರಿ ಹಬ್ಬ ಆದ್ಮೇಲಿಂದ."

ಅವರು ಇನ್ನೊಂದು ಕೈಯ ಬೆರಳ ಗಿಣ್ಣುಗಳ ಮೇಲೆ ಏನೋ ಎಣಿಸಿದರು. ಒಂದು ಗಿಣ್ಣಿನ ಮೇಲೆ ಹೆಬ್ಬೆರಳು ನಿಂತಿತು.

"ದೀಪಾವಳೀಗೆ ನೀವಿಬ್ರೂ ನಿನ್ನ ತವರಿಗೋಗಿದ್ರಿ" ಅಂದರು. ದನಿ ಸಣ್ಣದಾಗಿತ್ತು. "ತಿಪ್ಪೆಗೊಂದು, ಬಾವಿಗೊಂದು, ಇಲ್ಲಿಗೊಂದು ದೀಪ ಇಟ್ಟೆ. ಈ ಚಪ್ಪಡಿ ಮ್ಯಾಲೆ. ಅವತ್ತು ಗಾಳಿ. ಇಟ್ಟಂಗೂ ಆರೋಗೋದು. ಮೂರು ಸಲ ಆರೋಯ್ತು. ಹಬ್ಬದ ದಿನ ಆರಬಾರದು ಅಂತ ಮೂರು ಸಲಾನೂ ಇದರ ಮ್ಯಾಲೇ ಕೂತ್ಕಂಡು, ಸೆರಗು ಮರೆ ಮಾಡಿ, ಕಡ್ಡಿ ಗೀರಿ ಅಚ್ಚಿದೆ."

ಅದನ್ನು ಹೇಳಿ ನನ್ನ ರಟ್ಟೆ ಬಿಟ್ಟರು. ಬೆಂಕಿಪೊಟ್ಟಣವನ್ನು ಸೊಂಟದಿಂದ ತೆಗೆದು ನನ್ನ ಕೈಗೆ ಕೊಟ್ಟರು. ಪಿಳ್ಳಪ್ಪನಿಗೆ ಒಣಗಿದ ಪಂಚೆ ತರುತ್ತೇನೆ ಅಂತ ಒಳಗೆ ಹೊರಟರು. ಹಿತ್ತಲ ಬಾಗಿಲವರೆಗೂ ಗೋಡೆ ಹಿಡಿದುಕೊಂಡು ಹೋದರು. ಅತ್ತೆ ಗೋಡೆ ಹಿಡಿದು ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.